ಚಿತ್ರ ಉದುರಿದ ಕಿರ್ದಿ

ಪತ್ರಿಕೆ ಓದುವುದಕ್ಕೆ ಒಬ್ಬೊಬ್ಬರದು ಒಂದೊಂದು ಕ್ರಮ. ಕೆಲವರು ಹಿಂದಿನ ಪುಟದಿಂದ, ಅಂದರೆ ಕ್ರಿಕೆಟ್ಟಿನ ಕಡೆಯಿಂದ ಒಳಕ್ಕೆ ಬರುತ್ತಾರೆ. ಕೆಲವರು ನೇರವಾಗಿ ಶ್ರದ್ಧಾಂಜಲಿಗೆ ಹೋಗಿ, ತಮಗೆ ಗೊತ್ತಿದ್ದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಪ್ರಧಾನಿ ಏನಂದರು ಎಂದು ನೋಡುತ್ತಾರೆ. ನಮ್ಮ ಕಡೆ ಕೊಬ್ಬರಿ ಧಾರಣೆ ನೋಡದೆ ಕಾಫಿ ಕುಡಿಯದವರಿದ್ದರು. ಭವಿಷ್ಯ ನೋಡಿಕೊಂಡು ಅದು ಚೆನ್ನಾಗಿಲ್ಲದಿದ್ದರೆ ಪತ್ರಿಕೆಯನ್ನೇ ಮಡಿಸಿಡುವ ಒಬ್ಬ ಸೋದರತ್ತೆಯೂ ನನಗಿದ್ದರು. ಇವರೆಲ್ಲ ತಮ್ಮ ತಮ್ಮ ದಾರಿ ಹಿಡಿಯುವ ಮುಂಚೆ ಒಂದು ಗಳಿಗೆ ಒಂದೇ ಕಡೆ ನಿಂತು ಹೋಗುತ್ತಿದ್ದರು: ಒಂದು ಕಾಲಂ ಅಗಲದ ಚೌಕ, ಅದರೊಳಗೆ ಇಬ್ಬರೋ ಮೂವರೋ ಮಂದಿ, ಕೆಳಗೆ ಒಂದು ಸಾಲು ಮಾತು. ಅದು ಕಾರ್ಟೂನು. ವ್ಯಂಗ್ಯಚಿತ್ರ ಎಂಬುದು ಮೇಷ್ಟ್ರುಗಳ ಬಾಯಲ್ಲಿ.

ಈಗಲೂ ಇವೆ. ಪ್ರಜಾವಾಣಿ ತೆಗೆದರೆ ಚಿನಕುರಳಿ ಇದೆ. ಕುಂದಾಪುರದಲ್ಲಿ ಕೂತು ಸತೀಶ್ ಆಚಾರ್ಯ ಬರೆದದ್ದು ಮಧ್ಯಾಹ್ನದೊಳಗೆ ದೇಶದ ಫೋನುಗಳಲ್ಲೆಲ್ಲ ಓಡಾಡಿಬಿಡುತ್ತದೆ. ಬರೆಯುವವರ ಕೈ ಎಲ್ಲೂ ಮೊಂಡಾಗಿಲ್ಲ. ನನಗೆ ಕಾಣೆಯಾದಂತೆ ತೋರುವವರು ನೋಡುತ್ತಿದ್ದ ಮಂದಿ. ಆ ಮಂದಿಯ ವಿಷಯ ಎತ್ತಿದರೆ ದೊಡ್ಡಪ್ಪನಿಂದ ಶುರು ಮಾಡದೆ ನನಗೆ ಬೇರೆ ವಿಧಿಯಿಲ್ಲ.

ದೊಡ್ಡಪ್ಪ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಬೆಳಗ್ಗೆಯಿಂದ ಸಂಜೆಯವರೆಗೆ ಕಿರ್ದಿ ಬರೆಯುವುದು ಅವರ ಕೆಲಸ. ಎಡಗಡೆ ಜಮಾ, ಬಲಗಡೆ ಖರ್ಚು, ನಡುವೆ ಕೆಂಪು ಗೆರೆ. ಯಾವುದೋ ವರ್ಷ ಮಂಡಿಯ ಯಜಮಾನರು ಹೊಸ ಅಳತೆಯ ಪುಸ್ತಕ ತರಿಸಿದಾಗ ಹಳೆಯದೊಂದು ಬರೆಯದೆಯೇ ಉಳಿಯಿತು. ಕೆಂಪು ಬಟ್ಟೆಯ ರಟ್ಟು, ಉದ್ದನೆ ಹಾಳೆ. ದೊಡ್ಡಪ್ಪ ಅದನ್ನು ಕೇಳಿ ಮನೆಗೆ ತಂದರು. ಮಗನ ಲೆಕ್ಕಕ್ಕೆ ಆಗುತ್ತದೆ ಎಂದುಕೊಂಡ ದೊಡ್ಡಮ್ಮನಿಗೆ ನಿರಾಶೆ ಕಾದಿತ್ತು. ಆ ಪುಸ್ತಕದಲ್ಲಿ ದೊಡ್ಡಪ್ಪ ಕಾರ್ಟೂನು ಅಂಟಿಸತೊಡಗಿದರು.

ಕತ್ತರಿಸುವುದಕ್ಕೆ ಕತ್ತರಿ ಮುಟ್ಟುತ್ತಿರಲಿಲ್ಲ. ಗಡ್ಡ ಕೆರೆದು ಬಿಟ್ಟ ಬ್ಲೇಡನ್ನು ಉದ್ದಕ್ಕೆ ಮುರಿದು, ಅದರ ಅರ್ಧವನ್ನು ಬೆಂಕಿಪೊಟ್ಟಣದಲ್ಲಿ ಇಟ್ಟಿರುತ್ತಿದ್ದರು. ಪತ್ರಿಕೆಯ ಕೆಳಗೆ ಮಣೆ ಇಟ್ಟು, ಅಳತೆಪಟ್ಟಿ ಹಿಡಿದು ನಾಲ್ಕು ಗೆರೆ ಎಳೆದರೆ ಚಿತ್ರ ಬಿಟ್ಟುಕೊಳ್ಳುತ್ತಿತ್ತು. ಮನೆಯವರೆಲ್ಲ ಓದಿಯಾದ ಮೇಲೆಯೇ ಕತ್ತರಿಸಬೇಕೆಂಬ ಕರಾರು ಇತ್ತು, ಆದರೆ ಚಿತ್ರ ಹಿಡಿಸಿಬಿಟ್ಟರೆ ಕರಾರು ಮುರಿಯುತ್ತಿತ್ತು. ಆಗ ಎರಡನೇ ಪುಟದಲ್ಲಿ ಕಿಟಕಿ ಬಿದ್ದು, ಅಲ್ಲಿದ್ದ ಶ್ರದ್ಧಾಂಜಲಿಯಲ್ಲಿ ಯಾರದೋ ಮುಖ ಹೋಗಿ ಊರು ಮಾತ್ರ ಉಳಿದಿರುತ್ತಿತ್ತು. ‘ರೀ, ಅರಸೀಕೆರೆಯಲ್ಲಿ ಯಾರೋ ಹೋಗಿಬಿಟ್ಟಿದಾರೆ, ಯಾರೂಂತ ನಿಮ್ಮ ಇಂದಿರಾ ಗಾಂಧಿ ಹಿಂದೆ ನೋಡಿ ಹೇಳಿ’ ಎಂದು ದೊಡ್ಡಮ್ಮ ಒಳಗಿನಿಂದ ಕೂಗುತ್ತಿದ್ದರು.

ಅಂಟು ಮನೆಯದೇ. ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ ಸಣ್ಣ ಉರಿಯಲ್ಲಿ ಕುದಿಸಿದ್ದು. ಹುಳ ಬೀಳದಿರಲಿ ಎಂದು ಎಲ್ಲರೂ ಅದಕ್ಕೆ ಚೂರು ಮೈಲುತುತ್ತ ಹಾಕುತ್ತಿದ್ದರು. ಮನೆ ತುಂಬ ಮಕ್ಕಳು, ಮೈಲುತುತ್ತ ವಿಷ ಎಂದು ದೊಡ್ಡಮ್ಮ ಹಾಕಗೊಡಲಿಲ್ಲ. ಇದು ಆಮೇಲೆ ದುಬಾರಿಯಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ದೊಡ್ಡಪ್ಪ ಎಲ್ಲವನ್ನೂ ಒಂದೇ ಕಡೆ ಅಂಟಿಸುತ್ತಿರಲಿಲ್ಲ. ಒಪ್ಪಿಗೆಯಾದದ್ದು ಜಮಾ ಕಡೆಗೆ, ಒಪ್ಪದ್ದು ಖರ್ಚಿನ ಕಡೆಗೆ. ಪ್ರತಿ ಚಿತ್ರದ ಕೆಳಗೆ ಒಂದೋ ಎರಡೋ ಪದ. ‘ಸರಿ.’ ‘ಇದು ಸುಳ್ಳು.’ ‘ಮೂಗು ಜಾಸ್ತಿಯಾಯ್ತು.’ ‘ಪಾಪ.’ ತಾರೀಖು ಮಾತ್ರ ಎಲ್ಲೂ ಇಲ್ಲ. ಹೊಟ್ಟೆಪಾಡಿಗೆ ದಿನವಿಡೀ ತಾರೀಖು ಬರೆಯುತ್ತಿದ್ದವರು ಮನೆಯಲ್ಲೂ ಯಾಕೆ ಬರೆದಾರು? ನನಗೆ ವಿಚಿತ್ರವೆನಿಸುತ್ತಿದ್ದದ್ದು ಆ ಖರ್ಚಿನ ಕಡೆ. ಇಷ್ಟವಿಲ್ಲದ ಚಿತ್ರವನ್ನು ಬ್ಲೇಡು ಹಿಡಿದು, ಅಂಟು ಹಚ್ಚಿ, ಜೋಪಾನ ಮಾಡುವುದೇಕೆ? ಕೇಳಿದ್ದಕ್ಕೆ, ‘ಖರ್ಚು ಬರೀದೇ ಇದ್ರೆ ಲೆಕ್ಕ ಹೆಂಗೆ ಕೂಡುತ್ತೆ ಪುಟ್ಟಿ?’ ಅಂದರು.

ಅವರು ಕಾಂಗ್ರೆಸ್ಸಿನವರು. ದೇವರಾಜ ಅರಸು ಅವರ ಕಾಲದ ಭೂಸುಧಾರಣೆಯಲ್ಲಿ ನಮ್ಮ ಮನೆತನ ಗೇಣಿಗೆ ಮಾಡುತ್ತಿದ್ದ ಹೊಲ ನಮ್ಮದೇ ಆಗಿತ್ತು. ಅದಾದ ಮೇಲೆ ಅರಸು ಎಂದರೆ ದೇವರು, ಅರಸು ಹಿಂದಿದ್ದ ಇಂದಿರಾ ಎಂದರೆ ದೇವರಿಗೂ ಮೇಲೆ. ಇಂಥವರಿಗೆ ಆ ಕಾಲದ ಕಾರ್ಟೂನುಗಳು ದಿನಾ ಬೆಳಗ್ಗೆ ಒಂದು ಪರೀಕ್ಷೆ. ಬರೆಯುವವರಿಗೆ ಇಂದಿರಾ ಗಾಂಧಿಯವರ ಮೂಗು, ಬಿಳಿಗೂದಲಿನ ಆ ಪಟ್ಟಿ ಸಿಕ್ಕಿಬಿಟ್ಟಿದ್ದವು. ಎರಡು ಗೆರೆಯಲ್ಲಿ ಅವರು ಬಂದು ನಿಲ್ಲುತ್ತಿದ್ದರು. ದೊಡ್ಡಪ್ಪ ನೋಡುತ್ತಿದ್ದರು, ಮುಖ ಗಂಟಿಕ್ಕುತ್ತಿದ್ದರು, ಆಮೇಲೆ ಬೆಂಕಿಪೊಟ್ಟಣ ಹುಡುಕುತ್ತಿದ್ದರು.

ಮನೆಯಲ್ಲಿ ನೋಡಿದ್ದು ಸಾಲದೆಂದು ಅದೇ ಕಾರ್ಟೂನನ್ನು ಇನ್ನೊಮ್ಮೆ ನೋಡಲು ಸಲೂನಿಗೆ ಹೋಗುತ್ತಿದ್ದರು. ಭಾನುವಾರ ಎಣ್ಣೆಸ್ನಾನದ ನೀರು ಕಾದ ಮೇಲೆ ಅವರನ್ನು ಕರೆದು ತರುವ ಕೆಲಸ ನನ್ನದು. ಹೆಣ್ಣುಮಕ್ಕಳು ಸಲೂನಿನ ಒಳಗೆ ಕಾಲಿಡುವಂತಿಲ್ಲ. ಮೆಟ್ಟಿಲ ಮೇಲೆ ನಿಂತು ‘ದೊಡ್ಡಪ್ಪಾ, ನೀರು ಕಾದಿದೆ’ ಎನ್ನುವುದು, ‘ಬಂದೆ’ ಎನ್ನುತ್ತಾ ಅವರು ಬರದೇ ಇರುವುದು, ಅಷ್ಟು ಹೊತ್ತು ನಾನು ಒಳಗಿನ ಮಾತು ಕೇಳುತ್ತಾ ನಿಲ್ಲುವುದು. ಎದುರು ಬದುರು ಕನ್ನಡಿ, ರಾಜಕುಮಾರ್ ಇರುವ ಕ್ಯಾಲೆಂಡರು, ಬೆಂಚಿನ ಮೇಲೆ ಪುಟ ಪುಟವಾಗಿ ಹಂಚಿಹೋದ ಒಂದೇ ಒಂದು ಪತ್ರಿಕೆ. ಮುಖಪುಟ ಯಾರ ಕೈಲಿದೆಯೋ ಅವರಿಗೆ ಆ ಹೊತ್ತಿನ ಯಜಮಾನಿಕೆ.

ಕಾರ್ಟೂನು ಅಲ್ಲಿ ನಡೆಯುತ್ತಿದ್ದ ರೀತಿಯೇ ಒಂದು. ಮುಖಪುಟ ಹಿಡಿದವರು ಮೊದಲು ತಾವೊಬ್ಬರೇ ‘ಹ್ಞೂಂ’ ಎನ್ನುತ್ತಿದ್ದರು. ಪಕ್ಕದವರು ಬಗ್ಗುತ್ತಿದ್ದರು. ಮೂರನೆಯವರಿಗೆ ಕಾಣದು, ‘ಏನಂತೆ?’ ಎನ್ನುತ್ತಿದ್ದರು. ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದರೆ ಮೂರನೆಯವರಿಗೆ ಅರ್ಥವಾಗದು, ಯಾಕೆಂದರೆ ಅರ್ಧ ಮಾತು ಚಿತ್ರದಲ್ಲಿದೆ. ಆಗ ಪತ್ರಿಕೆಯೇ ಕೈದಾಟಿ ಹೋಗಬೇಕು. ಕೊನೆಗೆ ಕುರ್ಚಿಯಲ್ಲಿ ಕೂತು ಒಂದು ಕೆನ್ನೆಗೆ ನೊರೆ ಹಚ್ಚಿಸಿಕೊಂಡವರ ಮುಂದೆ ಅದನ್ನು ಹಿಡಿಯುತ್ತಿದ್ದರು. ಅವರು ನಕ್ಕರೆ ಕತ್ತಿ ತಗಲುತ್ತದೆಂದು ಸಲೂನಿನ ಯಜಮಾನರು ಕೈ ಎತ್ತಿ ನಿಂತು, ನಗು ಮುಗಿದ ಮೇಲೆ ಮುಂದುವರಿಸುತ್ತಿದ್ದರು. ಅಷ್ಟರಲ್ಲಿ ಜನತಾ ಪಾರ್ಟಿಯವರೊಬ್ಬರು ಬೆಂಚಿನ ತುದಿಯಿಂದ ದೊಡ್ಡಪ್ಪನಿಗೆ, ‘ಏನ್ರಾಯರೇ, ಇವತ್ತು ಜಮಾನೋ ಖರ್ಚೋ?’ ಎನ್ನುತ್ತಿದ್ದರು. ಪುಸ್ತಕದ ಸಂಗತಿ ಊರಿಗೇ ಗೊತ್ತಿತ್ತು. ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತಿತ್ತು, ಏಕವಚನದ ತನಕ ಹೋಗುತ್ತಿತ್ತು. ಮುಂದಿನ ಭಾನುವಾರ ಅದೇ ಬೆಂಚು, ಅದೇ ಇಬ್ಬರು. ಸಲೂನಿನ ಯಜಮಾನರು ತಾವು ಯಾರಿಗೆ ಓಟು ಹಾಕುತ್ತಾರೆಂದು ಕೊನೆಯವರೆಗೂ ಹೇಳಲಿಲ್ಲ. ಕತ್ತಿ ಅವರ ಕೈಲಿತ್ತು, ಹೇಳದಿದ್ದದ್ದೇ ಒಳ್ಳೆಯದಾಯಿತು.

ಆರ್.ಕೆ. ಲಕ್ಷ್ಮಣ್ ಮಾತ್ರ ನಮ್ಮೂರಿಗೆ ರದ್ದಿಯಾಗಿ ಬರುತ್ತಿದ್ದರು. ಮುಂಬಯಿ ಕಡೆಯ ವ್ಯಾಪಾರಿಗಳಿಂದ ಮಂಡಿಗೆ ಬರುವ ಕಟ್ಟುಗಳಿಗೆ ಹಳೆಯ ಟೈಮ್ಸ್ ಆಫ್ ಇಂಡಿಯಾ ಸುತ್ತಿರುತ್ತಿದ್ದರು. ದೊಡ್ಡಪ್ಪ ಕಟ್ಟು ಬಿಚ್ಚುವ ಹಮಾಲಿಗಳಿಗೆ ಹೇಳಿಟ್ಟು, ಮುಖಪುಟ ಇದ್ದರೆ ಎತ್ತಿಡಿಸಿಕೊಂಡು, ಸುಕ್ಕನ್ನು ಕಿರ್ದಿಯ ಕೆಳಗಿಟ್ಟು ನೀಟು ಮಾಡಿ ಮನೆಗೆ ತರುತ್ತಿದ್ದರು. ತಿಂಗಳೋ ಎರಡು ತಿಂಗಳೋ ಹಳೆಯದು. ಚಿತ್ರದಲ್ಲಿ ಕುರ್ಚಿಗೆ ಅಂಟಿಕೊಂಡ ಮಂತ್ರಿ ಅಷ್ಟರಲ್ಲಿ ಕುರ್ಚಿ ಬಿಟ್ಟೂ ಆಗಿರುತ್ತಿತ್ತು. ಆದರೂ ನಗು ಬರುತ್ತಿತ್ತು, ಅದು ಹೇಗೆಂದು ನನಗೆ ಈಗಲೂ ಸೋಜಿಗ. ಅವರ ಚಿತ್ರದಲ್ಲಿ ಮಂತ್ರಿಗಿಂತ ಮಂತ್ರಿಯ ಮೇಜು, ಫೈಲಿನ ರಾಶಿ, ಬಾಗಿಲಲ್ಲಿ ತೂಕಡಿಸುವ ಜವಾನ, ರಸ್ತೆಯ ಗುಂಡಿ ಇವು ಹೆಚ್ಚು ದಿಟವಾಗಿರುತ್ತಿದ್ದವು. ಮಂತ್ರಿ ಬದಲಾದರೂ ಗುಂಡಿ ಅಲ್ಲೇ ಇರುವುದರಿಂದ ಚಿತ್ರ ಹಳಸುತ್ತಿರಲಿಲ್ಲ ಅಂತ ಕಾಣುತ್ತದೆ.

ಲಕ್ಷ್ಮಣ್ ಮೈಸೂರಿನವರು, ನಮ್ಮೋರು ಎಂಬ ಹೆಮ್ಮೆ ಬೇರೆ. ಮುಂಬಯಿಯ ಜೆ.ಜೆ. ಕಲಾಶಾಲೆಯವರು ಯೋಗ್ಯತೆ ಸಾಲದು ಎಂದು ಸೇರಿಸಿಕೊಳ್ಳದ ಹುಡುಗ, ಮಹಾರಾಜ ಕಾಲೇಜಿನಲ್ಲಿ ಓದುತ್ತಾ ಚಿತ್ರ ಬರೆದುಕೊಂಡಿದ್ದವರು. ರಾಶಿಯವರು 1942ರಲ್ಲಿ ಶುರು ಮಾಡಿದ ನಗೆಪತ್ರಿಕೆ ಕೊರವಂಜಿಯಲ್ಲಿ ಅವರ ಮೊದಮೊದಲ ಚಿತ್ರಗಳು ಬಂದವು. ರಾಶಿ ವೃತ್ತಿಯಿಂದ ಡಾಕ್ಟರು, ನಗೆಯಿಂದಲೂ ಡಾಕ್ಟರು. ಕೊರವಂಜಿ 1967ರ ತನಕ ನಡೆಯಿತು. ಅದರ ಹಳೆಯ ಸಂಚಿಕೆಗಳು ನಮ್ಮ ಪಕ್ಕದ ಮನೆಯ ಅಟ್ಟದಲ್ಲಿದ್ದವು, ಬೇಸಿಗೆ ರಜೆಗೆ ಎರವಲು ಬರುತ್ತಿದ್ದವು. ಲಕ್ಷ್ಮಣ್ ಮುಂಬಯಿಗೆ ಹೋಗಿ, 1951ರಿಂದ ಟೈಮ್ಸಿನ ಮುಖಪುಟದಲ್ಲಿ ‘ಯೂ ಸೆಡ್ ಇಟ್’ ಬರೆಯತೊಡಗಿದರು. ಚೌಕುಳಿ ಕೋಟು, ಧೋತರ, ಬೋಳುತಲೆಯ ಎರಡು ಕಡೆ ಕೂದಲ ಕುಚ್ಚು: ಆ ಶ್ರೀಸಾಮಾನ್ಯ ಚಿತ್ರದ ಅಂಚಿನಲ್ಲಿ ನಿಂತು ಎಲ್ಲವನ್ನೂ ನೋಡುತ್ತಾನೆ, ಒಂದು ಮಾತೂ ಆಡುವುದಿಲ್ಲ. ಮಾತೆಲ್ಲ ಅವನ ಹೆಂಡತಿಯದು, ಮಂತ್ರಿಯದು, ದಾರಿಹೋಕರದು. ದೊಡ್ಡಪ್ಪನಿಗೆ ಆತನ ಮೇಲೆ ಸಲಿಗೆಯ ಗೌರವ. ‘ಯಪ್ಪ ಬಾಯಿ ಬಿಡಲ್ಲ, ಅದಕ್ಕೇ ಇಷ್ಟು ವರ್ಷ ಕೆಲಸ ಉಳೀತು’ ಎನ್ನುತ್ತಿದ್ದರು. ಮಂಡಿಯಲ್ಲಿ ಅವರದೂ ಅದೇ ನೀತಿ.

ಡೆಕ್ಕನ್ ಹೆರಾಲ್ಡಿನಲ್ಲಿ ಬಿ.ವಿ. ರಾಮಮೂರ್ತಿಯವರ ‘ಮಿಸ್ಟರ್ ಸಿಟಿಜನ್’ ಬರುತ್ತಿತ್ತು. ಆಮೇಲಾಮೇಲೆ ಬೆಂಗಳೂರಿನಿಂದ ಮಾಯಾ ಕಾಮತ್ ಎಂಬವರು ರಾಜಕೀಯ ಕಾರ್ಟೂನು ಬರೆಯುವುದನ್ನು ನೋಡಿ, ಸಲೂನಿನ ಮೆಟ್ಟಿಲಲ್ಲಿ ನಿಂತು ಬೆಳೆದ ನನಗೆ ಒಳಗೊಳಗೇ ಖುಷಿಯಾಗಿತ್ತು. ಹೆಣ್ಣೊಬ್ಬಳು ಒಳಗೆ ಹೋಗಿಯೇಬಿಟ್ಟಿದ್ದಳು. ಅವರು ಐವತ್ತರ ಆಸುಪಾಸಿಗೇ, 2001ರಲ್ಲಿ ತೀರಿಕೊಂಡರು. ಅವರ ಕಟಿಂಗ್ ಅಂಟಿಸಲು ಆ ಹೊತ್ತಿಗೆ ದೊಡ್ಡಪ್ಪ ಇರಲಿಲ್ಲ.

ಕಿರ್ದಿಯಲ್ಲಿ ಒಂದು ಕಡೆ ಹಾಳೆಗಳು ಸುಮ್ಮನೆ ಖಾಲಿ ಇದ್ದವು. ಅದು ತುರ್ತುಪರಿಸ್ಥಿತಿಯ ಕಾಲ. 1975ರ ಜೂನ್ ಕೊನೆಯಿಂದ ಮುಖಪುಟಗಳು ಸಪ್ಪೆಯಾದವು. ಅದೇ ವರ್ಷ ದೆಹಲಿಯಲ್ಲಿ ಶಂಕರ್ ತಮ್ಮ ಕಾರ್ಟೂನು ಪತ್ರಿಕೆ ‘ಶಂಕರ್ಸ್ ವೀಕ್ಲಿ’ ನಿಲ್ಲಿಸಿದರು. 1948ರಲ್ಲಿ ಆ ಪತ್ರಿಕೆ ಶುರುವಾದಾಗ ನೆಹರೂ ಅವರೇ ಬಂದು, ನನ್ನನ್ನೂ ಬಿಡಬೇಡ ಎಂದು ಹೇಳಿದ್ದರಂತೆ. ಶಂಕರ್ ಬಿಡಲೂ ಇಲ್ಲ. ನೆಹರೂ ಮಗಳ ಕಾಲದಲ್ಲಿ ಪತ್ರಿಕೆಯೇ ಉಳಿಯಲಿಲ್ಲ. ಆ ದಿನಗಳಲ್ಲಿ ಕಣ್ಣು ತಪ್ಪಿಸಿ ಹೊರಬಂದ ಒಂದು ಚಿತ್ರವನ್ನು ನಾನು ಬಹಳ ತಡವಾಗಿ ಪುಸ್ತಕವೊಂದರಲ್ಲಿ ಕಂಡೆ. 1975ರ ಡಿಸೆಂಬರಿನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ಸಿನಲ್ಲಿ ಅಬು ಅಬ್ರಹಾಂ ಬರೆದದ್ದು. ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಮಲಗಿದ್ದಾರೆ. ಅಲ್ಲಿಂದಲೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಬಾಗಿಲ ಸಂದಿಗೆ ಚಾಚಿದ್ದಾರೆ, ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳಿ ಎನ್ನುತ್ತಿದ್ದಾರೆ. ಸೆನ್ಸಾರಿನವರು ಅದನ್ನು ಹೇಗೆ ಬಿಟ್ಟರೋ!

ಆ ಹಾಳೆಗಳನ್ನು ಖಾಲಿ ಯಾಕೆ ಬಿಟ್ಟಿರಿ ಎಂದು ನಾನು ದೊಡ್ಡಪ್ಪನನ್ನು ಕೇಳಿದ್ದೆ. ಚಿತ್ರ ಚೆನ್ನಾಗಿರಲಿಲ್ಲ ಅಂದರು. ಅದಕ್ಕಿಂತ ಮುಂದೆ ಅವರು ಹೋಗಲಿಲ್ಲ, ನಾನೂ ಎಳೆಯಲಿಲ್ಲ. 1977ರಲ್ಲಿ ಇಂದಿರಾ ಸೋತಾಗ ಖರ್ಚಿನ ಕಡೆ ಜಾಗ ಸಾಲದೆ ಹೋಯಿತು. ಮರುವರ್ಷ ಚಿಕ್ಕಮಗಳೂರಿನಲ್ಲಿ ಗೆದ್ದಾಗ ಜಮಾ ತುಂಬಿತು. ಗುಮಾಸ್ತರ ಲೆಕ್ಕ ನಿಜವಾಗಿ ತಪ್ಪಿದ್ದು 1979ರಲ್ಲಿ, ಇಂದಿರಾ ಮತ್ತು ಅರಸು ಬೇರೆಯಾದಾಗ. ಒಬ್ಬರನ್ನು ಗೇಲಿ ಮಾಡಿದ ಚಿತ್ರ ಇನ್ನೊಬ್ಬರಿಗೆ ಜಮಾ ಆಗಬೇಕು. ಇಬ್ಬರೂ ತಮ್ಮವರೇ ಆದವರು ಅಂಟಿಸುವುದೆಲ್ಲಿ?

ಕೋಪ ತಡೆಯದಿದ್ದರೆ ದೊಡ್ಡಪ್ಪ ಕಾರ್ಡು ಬರೆಯುತ್ತಿದ್ದರು. ಹದಿನೈದು ಪೈಸೆಯ ಪೋಸ್ಟ್‌ಕಾರ್ಡು, ಮೇಲೆ ‘ಸಂಪಾದಕರಿಗೆ, ವಾಚಕರ ವಾಣಿ ವಿಭಾಗ’. ಮಂಡಿಯ ಅಕ್ಷರ, ಸಣ್ಣದು, ದುಂಡಗೆ. ಎಷ್ಟು ಸಣ್ಣಗೆ ಬರೆದರೂ ಕಾರ್ಡಿಗೆ ನಾಲ್ಕು ಅಂಚು ಇರುತ್ತವಲ್ಲ, ಅಷ್ಟರೊಳಗೆ ಸಿಟ್ಟು ಹಿಡಿಯಬೇಕು. ಹಾಗಾಗಿ ಮೊದಲು ಹಳೆ ಬಿಲ್ಲಿನ ಹಿಂದೆ ಕರಡು. ಕರಡನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ದೊಡ್ಡಮ್ಮನಿಗೆ ಓದಿ ಹೇಳುತ್ತಿದ್ದರು. ದೊಡ್ಡಮ್ಮ ಮೂರನೇ ಕ್ಲಾಸು. ‘ಅಲ್ಲಾ, ಚಿತ್ರ ಬರೆದೋರಿಗೆ ಹೆಂಡ್ತಿ ಮಕ್ಕಳು ಇಲ್ವಾ? ಆ ಎರಡನೇ ಮಾತು ತೆಗೀರಿ’ ಎನ್ನುತ್ತಿದ್ದರು. ಎರಡನೇ ಮಾತು ಹೋಗುತ್ತಿತ್ತು. ಒಮ್ಮೊಮ್ಮೆ ಒಗ್ಗರಣೆ ಸಿಡಿಯುವ ಸದ್ದಿನಲ್ಲಿ ಅವರಿಗೆ ಕೇಳಿಸದೆ ಇನ್ನೊಮ್ಮೆ ಓದಬೇಕಾಗುತ್ತಿತ್ತು. ಎರಡನೇ ಸಲ ಓದುವಾಗ ದೊಡ್ಡಪ್ಪನ ದನಿ ತಾನಾಗಿಯೇ ಇಳಿದಿರುತ್ತಿತ್ತು. ಕಾರ್ಡನ್ನು ಡಬ್ಬಿಗೆ ಹಾಕುವ ಕೆಲಸ ನನಗೋ ಅಣ್ಣನಿಗೋ. ಮರೆತು ಚೀಲದಲ್ಲೇ ಇಟ್ಟುಕೊಂಡು ಎರಡು ದಿನ ಬಿಟ್ಟು ಹಾಕಿದ್ದೂ ಉಂಟು. ಪತ್ರಿಕೆಯಲ್ಲಿ ಬಂದರೆ ಅದು ಮತ್ತೂ ವಾರದ ಮೇಲೆ, ಮೂರು ಸಾಲಿಗೆ ಇಳಿದು. ಅದನ್ನೂ ಕತ್ತರಿಸಿ ಅಂಟಿಸುತ್ತಿದ್ದರು, ಜಮಾ ಕಡೆ.

ಸಿಟ್ಟಿಗೆ ಅಷ್ಟು ದೂರ ಇತ್ತು ಎನ್ನುವುದೇ ನನಗೆ ಈಗ ದೊಡ್ಡದಾಗಿ ಕಾಣುತ್ತದೆ. ಬ್ಲೇಡು, ಕರಡು, ಒಗ್ಗರಣೆ, ಡಬ್ಬಿ, ರೈಲು, ಸಂಪಾದಕರ ಕೆಂಪು ಪೆನ್ನು. ದೊಡ್ಡಪ್ಪ ಬೇರೆಯವರಿಗಿಂತ ಶಾಂತ ಸ್ವಭಾವದವರೇನೂ ಆಗಿರಲಿಲ್ಲ. ಫೋನೊಂದು ಅವರ ಕೈಲಿದ್ದಿದ್ದರೆ 1977ರಲ್ಲಿ ಏನೇನು ಬರೆಯುತ್ತಿದ್ದರೋ ಯೋಚಿಸಿದರೆ ಭಯವಾಗುತ್ತದೆ.

ಆ ಕಾಲ ಚೆನ್ನ, ಈ ಕಾಲ ಕೆಟ್ಟದ್ದು ಎಂದುಬಿಡುವಂತಿಲ್ಲ. 1987ರಲ್ಲಿ ತಮಿಳಿನ ಆನಂದ ವಿಕಟನ್ ಮುಖಪುಟದಲ್ಲಿ ಒಂದು ನಗೆಚಿತ್ರ ಬಂತು. ವೇದಿಕೆಯ ಮೇಲಿನ ಇಬ್ಬರಲ್ಲಿ ಶಾಸಕ ಯಾರು, ಮಂತ್ರಿ ಯಾರು ಎಂದರೆ, ಜೇಬುಗಳ್ಳನ ಹಾಗಿರುವವನು ಶಾಸಕ, ಮುಖವಾಡದ ದರೋಡೆಕೋರನ ಹಾಗಿರುವವನು ಮಂತ್ರಿ. ಅಷ್ಟಕ್ಕೆ ವಿಧಾನಸಭೆ ಸಂಪಾದಕ ಬಾಲಸುಬ್ರಮಣಿಯನ್ ಅವರಿಗೆ ಮೂರು ತಿಂಗಳ ಶಿಕ್ಷೆ ವಿಧಿಸಿ ಜೈಲಿಗೆ ಕಳಿಸಿತು. ಊರೆಲ್ಲ ಗಲಾಟೆಯಾದ ಮೇಲೆ ಕೆಲವೇ ದಿನದಲ್ಲಿ ಬಿಟ್ಟರು, ಮುಂದೆ ಹೈಕೋರ್ಟಿನಲ್ಲಿ ಅವರೇ ಗೆದ್ದರು. ವಾಟ್ಸಾಪಿಗಿಂತ ಬಹಳ ಹಿಂದಿನ ಮಾತು ಇದು. ಕುರ್ಚಿಯಲ್ಲಿ ಕೂತವರ ಚರ್ಮ ಯಾವತ್ತೂ ತೆಳುವೇ.

ಇನ್ನೊಂದು ಸಂಗತಿ ನನ್ನ ಹಳೆಯ ನೆನಪುಗಳನ್ನೇ ಅಲ್ಲಾಡಿಸಿತು. 2012ರ ಮೇ ತಿಂಗಳಲ್ಲಿ ಎನ್‌ಸಿಇಆರ್‌ಟಿ ಪುಸ್ತಕದಲ್ಲಿದ್ದ ಶಂಕರ್ ಅವರ ಚಿತ್ರವೊಂದರ ಬಗ್ಗೆ ಪಾರ್ಲಿಮೆಂಟಿನಲ್ಲಿ ಕೋಲಾಹಲವಾಯಿತು. 1949ರ ಚಿತ್ರ. ಸಂವಿಧಾನ ರಚನೆ ನಿಧಾನವಾಯಿತೆಂದು ಹೇಳುವುದಕ್ಕೆ ಶಂಕರ್ ಅದನ್ನು ಬಸವನಹುಳುವಾಗಿ ಬರೆದಿದ್ದಾರೆ. ಹುಳುವಿನ ಮೇಲೆ ಅಂಬೇಡ್ಕರ್ ಕೂತಿದ್ದಾರೆ. ಹಿಂದೆ ನೆಹರೂ ಚಾಟಿ ಎತ್ತಿ ನಿಂತಿದ್ದಾರೆ. ಸರ್ಕಾರ ಚಿತ್ರ ತೆಗೆಸುತ್ತೇನೆ ಎಂದಿತು. ಪುಸ್ತಕದ ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್, ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. ಪುಣೆಯಲ್ಲಿ ಪಳಶೀಕರ್ ಅವರ ಕಚೇರಿಗೆ ನುಗ್ಗಿ ಧ್ವಂಸ ಮಾಡಿದರು. ಅರವತ್ತು ವರ್ಷ ಯಾರನ್ನೂ ನೋಯಿಸದ ಚಿತ್ರ ಈಗ ಹೇಗೆ ನೋಯಿಸಿತು ಎಂದು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು ಗಟ್ಟಿಯಾಗಿಯೇ ಕೇಳಿದೆ.

ರಾಜ್ಯಶಾಸ್ತ್ರದ ಮೇಷ್ಟ್ರೊಬ್ಬರು ಮೂಲೆಯಲ್ಲಿ ಪೇಪರ್ ತಿದ್ದುತ್ತಿದ್ದರು. ದಲಿತ ಕೇರಿಯಿಂದ ಓದಿ ಬಂದವರು, ಮಾತು ಕಡಿಮೆ. ‘ನೋಯಿಸಲಿಲ್ಲ ಅಂತ ಯಾರನ್ನ ಕೇಳಿ ಹೇಳ್ತಿದೀರಿ ಮೇಡಂ?’ ಅಂದರು. ಆಮೇಲೆ ಪತ್ರಿಕೆ ತಂದು ಚಿತ್ರದ ಮೇಲೆ ಬೆರಳಿಟ್ಟರು. ‘ಚಾಟಿ ಹುಳಕ್ಕೆ ಅಂತ ನೀವು ಓದ್ತೀರಿ. ನಮ್ಮ ಕೇರಿ ಹುಡುಗ ಹಂಗೆ ಓದಲ್ಲ. ಮುಂದೆ ಬಾಬಾಸಾಹೇಬರ ಬೆನ್ನಿದೆ. ಹಿಂದೆ ಬ್ರಾಹ್ಮಣರೊಬ್ಬರ ಕೈಲಿ ಚಾಟಿ ಇದೆ. ಸುತ್ತ ಜನ ನಿಂತ್ಕೊಂಡು ನಗ್ತಿದಾರೆ. ಅವನಿಗೆ ಅದು ದಿನಾ ನೋಡೋ ಚಿತ್ರ.’ ಹಾಗಾದರೆ ಪುಸ್ತಕದಿಂದ ಕಿತ್ತದ್ದು ಸರಿಯೇ ಎಂದೆ. ‘ಕೀಳಿ ಅಂತ ನಾನೆಲ್ಲಿ ಅಂದೆ? ಇರ್ಲಿ. ನಮ್ಮನ್ನ ನಗಿ ಅಂತ ಮಾತ್ರ ಹೇಳ್ಬೇಡಿ.’

ಮನೆಗೆ ಬಂದ ಮೇಲೆ ನನಗೆ ತಿಪಟೂರಿನ ಆ ಬೆಂಚು ಕಣ್ಣಿಗೆ ಬಂತು. ಅಲ್ಲಿ ಕಾಂಗ್ರೆಸ್ಸಿನವರು ಇದ್ದರು, ಜನತಾದವರು ಇದ್ದರು, ಸಂಘದ ಶಾಖೆಗೆ ಹೋಗುವವರೊಬ್ಬರು, ಲಾಲ್ ಬಾವುಟದ ಬಸ್ ಕಂಡಕ್ಟರರೊಬ್ಬರು ಇದ್ದರು. ಎಲ್ಲ ಪಕ್ಷವೂ ಒಟ್ಟಿಗೆ ನಗುತ್ತಿತ್ತು ಎಂದು ನಾನು ಎಷ್ಟೋ ಭಾಷಣದಲ್ಲಿ ಹೇಳಿಕೊಂಡು ಬಂದಿದ್ದೆ. ದೊಡ್ಡಪ್ಪನಿಗೆ ಲಕ್ಷ್ಮಣರ ಚಿತ್ರ ಜೋಪಾನವಾಗಿ ಎತ್ತಿಡುತ್ತಿದ್ದ ಮಂಡಿಯ ಹಮಾಲಿಗಳು ಅಲ್ಲಿ ಒಬ್ಬರೂ ಇರಲಿಲ್ಲ. ಅವರ ಕೇರಿಯವರಿಗೆ ಆ ಕುರ್ಚಿಯಲ್ಲಿ ಕ್ಷೌರ ಮಾಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ನಾನಾದರೂ ನಿಲ್ಲುತ್ತಿದ್ದೆ, ಅವರು ಮೆಟ್ಟಿಲಿಗೂ ಬರುತ್ತಿರಲಿಲ್ಲ. ಇಷ್ಟು ಗೊತ್ತಾದ ಮೇಲೂ ಆ ನಗು ನನಗೆ ಬೇಕೆನಿಸುತ್ತದೆ. ಬೇಕೆನಿಸುವಾಗ ಈಗ ಗಂಟಲಲ್ಲಿ ಏನೋ ಅಡ್ಡ ಬರುತ್ತದೆ.

ಈಗಿನದನ್ನು ಹೆಚ್ಚು ಹೇಳುವುದೇನಿದೆ? ನ್ಯೂಯಾರ್ಕ್ ಟೈಮ್ಸಿನಂಥ ಪತ್ರಿಕೆ ಒಂದು ಚಿತ್ರದ ಗಲಾಟೆಯಾದ ಮೇಲೆ 2019ರ ಜುಲೈನಿಂದ ತನ್ನ ಅಂತರರಾಷ್ಟ್ರೀಯ ಆವೃತ್ತಿಯಲ್ಲಿ ದಿನದ ರಾಜಕೀಯ ಕಾರ್ಟೂನನ್ನೇ ನಿಲ್ಲಿಸಿತು. ರಗಳೆಯೇ ಬೇಡ ಎಂದು. ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಕಳೆದ ಚುನಾವಣೆಯ ಹೊತ್ತಿಗೆ ಯಾರೋ ಒಂದು ಕಾರ್ಟೂನು ಹಾಕಿದರು. ನೋಡಿದ ಗುರುತು ಎಲ್ಲರ ಹೆಸರಿಗೂ ಬಿತ್ತು, ಒಬ್ಬರೂ ಮಾತಾಡಲಿಲ್ಲ. ಸಂಜೆ ಹೊತ್ತಿಗೆ ಇಬ್ಬರು ಗುಂಪು ಬಿಟ್ಟಿದ್ದರು. ಮಾರನೇ ದಿನ ಸತ್ಯನಾರಾಯಣ ಪೂಜೆಗೆ ಅವರು ಬರಲೂ ಇಲ್ಲ. ಏಕವಚನದ ತನಕ ಹೋದ ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು.

ಬೆಂಗಳೂರಿನಲ್ಲಿ ಎಂ.ಜಿ. ರಸ್ತೆಯ ಹತ್ತಿರ, ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ, ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ. ಒಮ್ಮೆ ಅಲ್ಲಿ ಮೂಲಚಿತ್ರಗಳನ್ನು ಹತ್ತಿರದಿಂದ ನೋಡಿದೆ. ಅಚ್ಚಿನಲ್ಲಿ ಅಂಗೈಯಷ್ಟು ಕಾಣುವ ಚಿತ್ರ ಅಲ್ಲಿ ತಟ್ಟೆಯಗಲ. ಕರಿ ಶಾಯಿ ಒಣಗಿ ಉಬ್ಬಿರುತ್ತದೆ. ತಪ್ಪಿದ ಕಡೆ ಬಿಳಿ ಬಣ್ಣ ಬಳಿದು ಮತ್ತೆ ಗೆರೆ ಎಳೆದದ್ದು, ಒಂದು ಕೈಯನ್ನು ಬೇರೆ ಕಡೆ ಬರೆದು ಮುಚ್ಚಿದ್ದು ಓರೆಯಾಗಿ ನಿಂತರೆ ತಿಳಿಯುತ್ತದೆ. ಬರೆಯುವವರೂ ಎರಡನೇ ಮಾತು ತೆಗೆಯುತ್ತಿದ್ದರು. ಅವರ ಮನೆಯಲ್ಲೂ ಒಬ್ಬ ದೊಡ್ಡಮ್ಮ ಇದ್ದಿರಬೇಕು.

ದೊಡ್ಡಪ್ಪ ಹೋದದ್ದು 1999ರಲ್ಲಿ. ಕೊನೆಕೊನೆಗೆ ಅವರಿಗೆ ಸಿಟ್ಟು ಬರಿಸಿದ್ದು ದೇವೇಗೌಡರ ಚಿತ್ರಗಳು. ಹುಟ್ಟಾ ಕಾಂಗ್ರೆಸ್ಸಿನವರಾದ ಅವರಿಗೆ ಗೌಡರ ಪಕ್ಷ ಆಗಿಬರದು. 1996ರಲ್ಲಿ ಪಕ್ಕದ ಹಾಸನದವರು ಪ್ರಧಾನಿಯಾದರು, ದೆಹಲಿಯ ಪತ್ರಿಕೆಗಳು ಅವರು ಸಭೆಯಲ್ಲಿ ತೂಕಡಿಸುವುದನ್ನೇ ಬರೆಯುತ್ತ ಕೂತವು ಎಂದಾಗ ಮಾತ್ರ ಪಕ್ಷ ಮರೆತುಹೋಯಿತು. ‘ನಮ್ಮೋರು ಮಲಗಿದ್ರೆ ಇವರಿಗೇನು ಕಷ್ಟ’ ಎಂದು ಖರ್ಚಿನ ಕಡೆ ಬರೆದಿದ್ದರು. ಅದು ಅವರ ಕೈಬರಹ ನಡುಗುತ್ತಿದ್ದ ಕಾಲದ್ದು.

ಮನೆ ಮಾರುವ ಮುನ್ನ ಅಟ್ಟ ಖಾಲಿ ಮಾಡಿದೆವು. ಟ್ರಂಕಿನ ತಳದಲ್ಲಿ ಕೆಂಪು ರಟ್ಟು ಕಂಡಿತು. ಅಣ್ಣ ಎತ್ತಿದ್ದೇ ತಡ, ಒಳಗಿನ ಚಿತ್ರಗಳೆಲ್ಲ ಜರ್ರನೆ ನೆಲಕ್ಕೆ ಸುರಿದವು. ಮೈಲುತುತ್ತವಿಲ್ಲದ ಮೈದಾ ಅಂಟನ್ನು ಹುಳ ಹುಡುಕಿ ಹುಡುಕಿ ತಿಂದಿತ್ತು. ದೊಡ್ಡಪ್ಪ ನಾಲ್ಕು ಮೂಲೆಗೆ ಮಾತ್ರ ಅಂಟು ಹಚ್ಚುತ್ತಿದ್ದರಿಂದ ಚಿತ್ರಗಳ ಮೂಲೆ ಹೋಗಿ ನಡುವಿನದು ಉಳಿದಿತ್ತು. ಹಾಳೆಗಳಲ್ಲಿ ಖಾಲಿ ಚೌಕ, ಅದರ ಕೆಳಗೆ ನೀಲಿ ಶಾಯಿಯ ಎರಡೆರಡು ಪದ. ನೆಲದ ಮೇಲೆ ಇಂದಿರಾ, ಮೊರಾರ್ಜಿ, ಅರಸು, ರಾಜೀವ್, ತುಟಿ ಉಬ್ಬಿಸಿದ ನರಸಿಂಹರಾವ್, ಚೌಕುಳಿ ಕೋಟಿನ ಶ್ರೀಸಾಮಾನ್ಯ, ಎಲ್ಲ ಒಂದೇ ರಾಶಿ. ಯಾವ ಮಾತು ಯಾವ ಚಿತ್ರಕ್ಕೆ ಎಂದು ಹೇಳುವವರಿಲ್ಲ. ಚೌಕ ಅಳೆದು ಜೋಡಿಸೋಣ ಎಂದರೆ ಎಲ್ಲವೂ ಒಂದು ಕಾಲಂ ಅಗಲ.

ಅಣ್ಣನೂ ನಾನೂ ಸಾಮಾನು ಕಟ್ಟುವುದು ಬಿಟ್ಟು ಅಲ್ಲೇ ಕೂತೆವು. ‘ಮೂಗು ಜಾಸ್ತಿಯಾಯ್ತು’ ಯಾರದೆಂದು ಕೇಳಬೇಕಾಗಿಲ್ಲ, ಆದರೆ ಮೂಗಿನ ಚಿತ್ರಗಳೇ ಒಂದು ಹಿಡಿ ಇದ್ದವು. ‘ಪಾಪ’ ಎಂಬುದು ಮೊರಾರ್ಜಿಗೆ ಎಂದು ಅಣ್ಣ, ರಾಜೀವರಿಗೆ ಎಂದು ನಾನು. ಒಂದು ಕಡೆ ‘ನಗು ಬಂತು. ಬರಬಾರದಿತ್ತು’ ಎಂದಿತ್ತು. ಅದಕ್ಕೆ ಮುಂಚೆ ದೊಡ್ಡಪ್ಪ ಹಾಗೆ ಎರಡು ವಾಕ್ಯ ಬರೆದದ್ದನ್ನು ನಾವು ಕಂಡಿರಲಿಲ್ಲ. ಜೋಡಿಸಲು ಕೂತರೆ ನಾಲ್ಕೈದು ಚಿತ್ರ ಆ ಚೌಕಕ್ಕೆ ಬಂದು ನಿಂತವು. ಅರಸು ಪಕ್ಷದಿಂದ ಹೊರಬಿದ್ದಾಗಿನ ಚಿತ್ರವೇ ಅದು ಎಂದು ನಾನು ಪಟ್ಟು ಹಿಡಿದೆ. ಅಣ್ಣ ಒಪ್ಪಲಿಲ್ಲ, 1977ರ ಸೋಲಿನದು ಎಂದ. ದೊಡ್ಡಮ್ಮನಿಗೆ ಆಗ ಎಂಬತ್ತು ದಾಟಿತ್ತು, ಗೋಡೆಗೊರಗಿ ಕೂತಿದ್ದರು. ‘ಯಾವ ಕಡೆ ಬರೆದಿದಾರೆ ನೋಡ್ರೋ, ಜಮಾನೋ ಖರ್ಚೋ, ಅಷ್ಟರಲ್ಲೇ ಗೊತ್ತಾಗುತ್ತೆ’ ಅಂದರು. ನೋಡಿದೆವು. ಕೆಂಪು ಗೆರೆಯ ಮೇಲೆಯೇ ಬರೆದಿದ್ದರು, ಒಂದು ಪದ ಈ ಕಡೆ, ಎರಡು ಪದ ಆ ಕಡೆ. ‘ಮಂಡೀಲಿ ಹಿಂಗೆ ಬರೆದಿದ್ರೆ ಯಜಮಾನರು ಸುಮ್ನೆ ಬಿಡ್ತಿದ್ರಾ?’ ಎಂದರು ದೊಡ್ಡಮ್ಮ.

ಮನೆ ಮಾರಿದ ದುಡ್ಡು ಪಾಲಾದ ಹಾಗೆ ಅದೂ ಪಾಲಾಯಿತು. ಚಿತ್ರಗಳು ನನ್ನ ಪಾಲಿಗೆ, ಕಿರ್ದಿ ಅಣ್ಣನ ಪಾಲಿಗೆ. ಎರಡನ್ನೂ ಒಬ್ಬರೇ ಇಟ್ಟುಕೊಂಡು ಜೋಡಿಸಿ ನೋಡಬಹುದಲ್ಲ ಎಂದು ಅತ್ತಿಗೆ ಹೇಳುತ್ತಲೇ ಇರುತ್ತಾರೆ. ಅರಸು ಚಿತ್ರ ಕಳಿಸು, ಅಳೆದು ಹೇಳುತ್ತೇನೆ ಎಂದು ಅಣ್ಣ ಫೋನ್ ಮಾಡುತ್ತಾನೆ. ಮೊದಲು ಕಿರ್ದಿ ಕಳಿಸು ಎನ್ನುತ್ತೇನೆ ನಾನು. ಅವನು ಕಳಿಸುವುದಿಲ್ಲ, ನಾನೂ ಕಳಿಸಿಲ್ಲ.